ಹೊಸಿಲು ದಾಟದ ಉಮೇದುವಾರ

ನನ್ನ ಮಗಳು ಯಶೋದಮ್ಮನನ್ನು ಮಣ್ಣು ಮಾಡಲು ನಾವು ಹಲಸೂರಿನಿಂದ ಬೆನ್ನಿಗಾನಹಳ್ಳಿಯ ಆಚೆಗೆ ಹೊತ್ತುಕೊಂಡು ಹೋದೆವು. ಬೆಳಿಗ್ಗೆ ಹೊರಟವರು ಅಲ್ಲಿ ಸೇರುವಾಗ ಬಿಸಿಲು ಇಳಿದಿತ್ತು. ಪರಿಚಯದ ರೈತರೊಬ್ಬರು ತಮ್ಮ ಹೊಲದ ಬದಿಯಲ್ಲಿ, ಒಂದು ಹೊಂಗೆಯ ಮರದ ಕೆಳಗೆ, ಜಾಗ ಕೊಟ್ಟರು. ಅವರಿಗೆ ಪುಣ್ಯ ಬರಲಿ. ಹೊತ್ತವರು ದಾರಿಯಲ್ಲಿ ಹೆಗಲು ಬದಲಿಸುತ್ತಲೇ ಇದ್ದರು. ಅವಳ ಗಂಡ ಆದಿನಾರಾಯಣ ಮಾತ್ರ ಹೆಗಲು ಬಿಡಲಿಲ್ಲ.

ನಮ್ಮ ಮನೆಯಿಂದ ಕೂಗಳತೆಯಲ್ಲೇ ನಮ್ಮ ಜನ ಸತ್ತರೆ ಹೂಳಲೆಂದು ಬಿಟ್ಟ ನೆಲವೊಂದು ಇತ್ತು. ತರಕಾರಿ ತೋಟಗಳ ಹಿಂದೆ, ಹಳೆಯ ಸುಣ್ಣಕಲ್ಲಿನ ಗುಂಡಿಯ ಪಕ್ಕದಲ್ಲಿ. ಮುಂಚೆ ಮಿಲಿಟರಿ ಮೈದಾನದ ಅಂಚಿನಿಂದ ಅಲ್ಲಿಗೆ ಹೋಗುತ್ತಿದ್ದೆವು. ಯುದ್ಧ ಬಂದಾಗ ಮೈದಾನಕ್ಕೆ ತಂತಿ ಬೇಲಿ ಬಂತು. ಯುದ್ಧ ಮುಗಿದರೂ ಬೇಲಿ ಉಳಿಯಿತು. ಉಳಿದ ಮೂರು ಕಡೆಯೂ ತೋಟಗಳು. ತೋಟದವರು ತಮ್ಮ ಬೆಳೆಯ ನಡುವೆ ಹೆಣ ಹಾಯುವುದನ್ನು ಒಪ್ಪುವವರಲ್ಲ. ನೆಲವಿತ್ತು, ದಾರಿ ಇರಲಿಲ್ಲ.

ನಾವು ಈ ಊರಿನ ಮೂಲದವರಲ್ಲ. ನಮ್ಮ ಹಿರಿಯರಲ್ಲಿ ಕೆಲವರು ಆರ್ಕಾಟಿನ ಕಡೆಯಿಂದ, ಕೆಲವರು ಕೋಲಾರದ ಚಿನ್ನದ ಗಣಿಯಿಂದ, ದಂಡಿನಲ್ಲಿ, ಅಂದರೆ ಬಿಳಿಯರ ಕಂಟೋನ್ಮೆಂಟಿನಲ್ಲಿ, ಕಟ್ಟಡದ ಕೆಲಸ ಸಿಗುತ್ತದೆಂದು ಬಂದವರು. ಬಂಗಲೆಗಳಿಗೂ ಬ್ಯಾರಕ್ಕುಗಳಿಗೂ ಗಾರೆ ಕಲಸಿದವರು. ಭಗವಾನ್ ಬುದ್ಧರಿಗೆ ಶರಣು ಹೋದ ಮೇಲೆ ನಾವು ಯಾವ ಕಡೆಗೂ ಸೇರದವರಾದೆವು. ಹಿಂದೂಗಳ ಸ್ಮಶಾನದಲ್ಲಿ ನೀವು ನಮ್ಮವರಲ್ಲವೆಂದರು. ಪಾದ್ರಿಗಳು ಸೌಜನ್ಯದಿಂದಲೇ ಜ್ಞಾನಸ್ನಾನವಾಗಿದೆಯೇ ಎಂದು ಕೇಳಿದರು. ಬದುಕಿರುವಾಗ ಇದನ್ನೆಲ್ಲ ಮರೆತು ಇರಬಹುದು. ಸತ್ತ ದಿನ ಮರೆಯಲಾಗುವುದಿಲ್ಲ.

ಮಣ್ಣು ಮಾಡಿ ಹಿಂತಿರುಗುವಾಗ ಆದಿನಾರಾಯಣ ಹಲಸೂರು ಕೆರೆಯ ಏರಿಯ ಮೇಲೆ ನಿಂತನು. ಕಾಲು ತೊಳೆದುಕೊಂಡು ಮೇಲೆ ಬಂದು ಹೇಳಿದನು:

"ಮಾವ, ಮುಂದಿನ ಮುನಿಸಿಪಾಲಿಟಿ ಎಲೆಕ್ಷನ್‌ಗೆ ನಾನು ನಿಲ್ತೀನಿ."

ಅವನಿಗೆ ಆ ಹೊತ್ತಿನಲ್ಲಿ ಏನು ಹೇಳಲಿ? "ಮೊದಲು ಮನೆಗೆ ನಡಿ, ದೀಪ ಹಚ್ಚಬೇಕು" ಎಂದೆನು.

"ದಾರಿ ಬೇಕು ಅಂತ ಎಷ್ಟು ಅರ್ಜಿ ಬರೆದ್ವಿ. ಆಫೀಸಿನೋರು ನಿಮ್ಮ ಕೌನ್ಸಿಲರು ಸಭೇಲಿ ಎತ್ತಬೇಕು ಅಂತಾರೆ. ನಮ್ಮ ಕೌನ್ಸಿಲರು ರಾಮಯ್ಯನೋರು ಎತ್ತಲ್ಲ. ಹಾಗಾದ್ರೆ ನಾನೇ ಹೋಗಿ ಎತ್ತಬೇಕು. ಇನ್ನೊಂದು ಮನೆಯವರು ಇಷ್ಟು ದೂರ ಹೊರಬಾರ್ದು."

ಅವನು ಗಾರೆ ಕೆಲಸದ ಮೇಸ್ತ್ರಿ. ನಮ್ಮ ಸಂಘಕ್ಕೆ ಅವನೇ ಮುಖಂಡ. ಹುಣ್ಣಿಮೆಯ ದಿನ ನಮ್ಮ ವಿಹಾರದಲ್ಲಿ, ವಿಹಾರವೆಂದರೆ ಹೆಂಚು ಹೊದಿಸಿದ ಒಂದು ಕೋಣೆ, ಪಂಚಶೀಲ ಹೇಳಿಕೊಡುವವನು ನಾನು. ಜಗಳ ಬಿಡಿಸುವವನು, ಕೆಲಸ ಕೊಡಿಸುವವನು, ಆಸ್ಪತ್ರೆಗೆ ಓಡುವವನು ಅವನು. ಅವನು ಒಂದು ಗೋಡೆ ಎತ್ತಲು ನಿಂತರೆ ಸೂರು ಮುಟ್ಟುವ ತನಕ ಬಿಡುವವನಲ್ಲವೆಂದು ನನಗೆ ಗೊತ್ತಿತ್ತು.

ಎಲೆಕ್ಷನ್ ಮರುವರ್ಷ ಯುಗಾದಿಗೆ ಮುಂಚೆ ಬಂತು. ಆಗೆಲ್ಲ ಎಲ್ಲರಿಗೂ ವೋಟು ಇರಲಿಲ್ಲ. ಮನೆ ಕಂದಾಯ ಕಟ್ಟುವವರಿಗೆ, ಇಷ್ಟೆಂದು ಗೊತ್ತುಮಾಡಿದ ಬಾಡಿಗೆ ಕೊಡುವವರಿಗೆ ಮಾತ್ರ. ಹಾಗಾಗಿ ನಮ್ಮ ಜನರಲ್ಲಿ ವೋಟು ಇದ್ದವರು ಕೆಲವೇ ಮಂದಿ. ಅಂಗಡಿಯವರು, ಮುಸಲ್ಮಾನರು, ಎಲ್ಲಕ್ಕಿಂತ ಹೆಚ್ಚಾಗಿ ತೋಟದವರು ಕೈಹಿಡಿಯದಿದ್ದರೆ ಗೆಲ್ಲುವಂತಿರಲಿಲ್ಲ. ತೋಟದವರ ಬಳಗದಲ್ಲಿ ನೆಲ, ಮನೆ, ಕಂದಾಯ ಎಲ್ಲವೂ ಇತ್ತು. ಅವರಿಗೆ ಹಿರಿಯನು ದೊಡ್ಡಮುನಿಯಪ್ಪ. ಅವನಿಗೂ ಹಿರಿಯಳು ಅವನ ತಾಯಿ ಚಿಕ್ಕಮುನಿಯಮ್ಮ. ನಮಗೆ ಬೇಕಾದ ದಾರಿ ಹಾಯಬೇಕಾದದ್ದೂ ಅವರ ತೋಟದ ಅಂಚಿನಲ್ಲೇ.

ಇದಲ್ಲದೆ ಇನ್ನೊಂದು ತೊಡಕಿತ್ತು. ಆರ್ಕಾಟಿನ ಕಡೆಯಿಂದ ನಮ್ಮವರು ತಂದ ಹಳೆಯ ನಡವಳಿ ಒಂದಿದೆ. ಮನೆಯಲ್ಲಿ ಸಾವಾದರೆ ಆ ಮನೆಯಲ್ಲೇ ಇರುವ ತೀರ ಹತ್ತಿರದವರು ವರ್ಷ ತುಂಬುವ ತನಕ ಬೇರೆಯವರ ಮನೆಯ ಹೊಸಿಲು ದಾಟುವುದಿಲ್ಲ. ಕೆಲಸಕ್ಕೆ ಹೋಗಬಹುದು, ಬೀದಿಯಲ್ಲಿ ನಿಲ್ಲಬಹುದು, ಜಗಲಿಯ ಕೆಳಗೆ ನಿಂತು ಮಾತಾಡಬಹುದು. ಒಳಗೆ ಕಾಲಿಡುವುದಿಲ್ಲ, ಇನ್ನೊಂದು ಮನೆಯ ಅನ್ನ ಉಣ್ಣುವುದಿಲ್ಲ. ಯಶೋದಮ್ಮನ ವರ್ಷ ತುಂಬುವುದು ಯುಗಾದಿ ಕಳೆದ ಹುಣ್ಣಿಮೆಗೆ. ಎಲೆಕ್ಷನ್ ಅದಕ್ಕೆ ಮುಂಚೆ.

"ಆದಿ, ಭಗವಾನರು ಎಲ್ಲೂ ಹೀಗೆ ಹೇಳಿಲ್ಲ" ಎಂದು ನಾನೇ ಅವನಿಗೆ ಹೇಳಿದೆನು. "ಅದು ಹಳೆಯ ರೂಢಿ. ವೋಟು ಕೇಳೋನು ಮನೆ ಮನೆಗೆ ಹೋಗ್ಬೇಕಪ್ಪ. ಜನ ಕೂರು ಅಂದಾಗ ಕೂರ್ಬೇಕು."

"ಭಗವಾನ್ರು ಹೇಳಿಲ್ಲ ಮಾವ, ನಿಜ. ನಮ್ಮಮ್ಮ ತೀರ್ಕೊಂಡ ವರ್ಷ ನಿಮ್ಮ ಚಿಕ್ಕ ಮಗಳ ಮದುವೆ ಆಯ್ತು. ಆವತ್ತು ಯಶೋದ ಎಲ್ಲಿ ನಿಂತಿದ್ಲು, ನೆನಪಿದೆಯಾ?"

ನೆನಪಿತ್ತು. ಚಪ್ಪರದ ಹೊರಗೆ, ಬೀದಿಯ ಆಚೆ ಬದಿಯಲ್ಲಿ, ಸೆರಗು ತಲೆಯ ಮೇಲೆ ಹೊದ್ದು ನಿಂತಿದ್ದಳು. ಒಡಹುಟ್ಟಿದ ತಂಗಿಯ ಧಾರೆಯನ್ನು ಅಲ್ಲಿಂದಲೇ ನೋಡಿದಳು. ಅತ್ತೆಗೆ ಕೊಟ್ಟ ಗೌರವವನ್ನು ತವರುಮನೆಯ ಹೊಸಿಲಿಗೋಸ್ಕರ ಬಿಡಲಿಲ್ಲ.

"ನಮ್ಮಮ್ಮಂಗೆ ಅವಳು ಮಾಡಿದ್ದು ನಾನು ಅವಳಿಗೆ ಮಾಡ್ತೀನಿ. ವೋಟು ಬೀದೀಲಿ ನಿಂತು ಕೇಳ್ತೀನಿ" ಎಂದನು.

ಮುಂದೆ ನಾನು ಅದರ ಮಾತು ಎತ್ತಲಿಲ್ಲ. ಅವನ ಜೊತೆ ನಡೆಯುವುದೆಂದು ನಿಶ್ಚಯಿಸಿದೆನು. ಮಗಳು ಹೋದ ಮೇಲೆ ನನಗೆ ಮನೆಯಲ್ಲಿ ಕೂತು ಮಾಡುವ ಕೆಲಸವೂ ಇರಲಿಲ್ಲ.

ಎದುರಾಳಿ ರಾಮಯ್ಯನವರದು ಮರದ ಡಿಪೋ. ಒಳ್ಳೆಯ ಮಾತುಗಾರರು. ಯಾರ ಮನೆಗೆ ಹೋದರೂ ಒಲೆಯ ತನಕ ಹೋಗಿ "ಏನಮ್ಮಾ ಸಾರು?" ಎಂದು ಕೇಳುವವರು. ಒಂದು ಸಂಜೆ ಹಲಸೂರಿನ ಮಾರ್ಕೆಟ್ಟಿನ ಬಳಿ ನಾವಿಬ್ಬರೂ ಜನರೊಡನೆ ಮಾತಾಡುತ್ತಾ ನಿಂತಿದ್ದಾಗ ಅವರು ಪರಿವಾರದೊಡನೆ ಬಂದರು. ಎಲ್ಲರಿಗೂ ಕೇಳುವ ಹಾಗೆ ಅಂದರು:

"ಏನ್ ಮೇಸ್ತ್ರಿ, ಯಾರ ಹೊಸಿಲೂ ದಾಟಲ್ವಂತೆ. ಗೆದ್ರೆ ಮುನಿಸಿಪಾಲಿಟಿ ಹೊಸಿಲು ಹೆಂಗಪ್ಪ ದಾಟ್ತೀಯ? ಕುರ್ಚಿ ಬೀದಿಗೆ ತರಿಸ್ತೀಯಾ?"

ಜನ ನಕ್ಕರು. ನಮ್ಮವರಲ್ಲೂ ಒಬ್ಬಿಬ್ಬರು ನಕ್ಕರು.

ಆದಿನಾರಾಯಣನೂ ನಕ್ಕು ಹೇಳಿದನು: "ಅದು ಯಾರ ಮನೇನೂ ಅಲ್ವಲ್ಲ ಸ್ವಾಮಿ. ಅದಕ್ಕೇ ಧೈರ್ಯವಾಗಿ ದಾಟ್ತೀನಿ. ನೀವು ಅದನ್ನ ನಿಮ್ಮನೆ ಅಂದ್ಕೊಂಡಿದ್ರೆ ಹೇಳಿ, ಹೊರಗೆ ನಿಲ್ತೀನಿ."

ಆಗ ಜನ ಇನ್ನೂ ಜೋರಾಗಿ ನಕ್ಕರು. ರಾಮಯ್ಯನವರು ಮೀಸೆ ಒರೆಸಿಕೊಂಡು ಮುಂದೆ ಹೋದರು. ಆದರೆ ಆ ಮಾತು ಊರಲ್ಲಿ ಉಳಿಯಿತು. ಹೊಸಿಲು ದಾಟದ ಉಮೇದುವಾರ ಎಂದೇ ಅವನಿಗೆ ಹೆಸರಾಯಿತು.

ಮುಸಲ್ಮಾನರ ಬೀದಿಯಲ್ಲಿ ನೂರುನ್ನೀಸಾ ಎಂಬ ಹೆಂಗಸಿದ್ದರು. ಗಂಡ ರಸಲ್ ಮಾರ್ಕೆಟ್ಟಿನಲ್ಲಿ ಬಟ್ಟೆಯ ವ್ಯಾಪಾರ ಮಾಡಿ ತೀರಿಕೊಂಡಿದ್ದರು. ಮನೆ ಇವರ ಹೆಸರಿನಲ್ಲೇ ಇತ್ತು, ಹಾಗಾಗಿ ವೋಟೂ ಇತ್ತು. ಆ ಬೀದಿಯ ಹೆಂಗಸರು ಇವರ ಮಾತು ಕೇಳುತ್ತಾರೆಂದು ಅವರ ಮೈದುನ ಶಫಿ ನಮ್ಮನ್ನು ಕರೆದುಕೊಂಡು ಹೋದನು. ಬಾಗಿಲಿಗೆ ದಪ್ಪ ಪರದೆ ಇಳಿಬಿಟ್ಟಿತ್ತು. ಶಫಿ ಒಳಗೆ ಬನ್ನಿ ಎಂದನು. ಆದಿನಾರಾಯಣ ಮೆಟ್ಟಿಲ ಕೆಳಗೆ ನಿಂತನು.

"ಯಾಕೆ ಭಾಯ್, ನಮ್ಮನೆ ಒಳಗೆ ಬರಂಗಿಲ್ವಾ?" ಪರದೆಯ ಹಿಂದಿನಿಂದ ಧ್ವನಿ ಬಂತು.

ಅವನು ಕಾರಣ ಹೇಳಿದನು.

"ಸರಿಹೋಯ್ತು. ನೀವು ಒಳಗೆ ಬರಂಗಿಲ್ಲ, ನಾನು ಹೊರಗೆ ಬರಂಗಿಲ್ಲ. ಹೊಸಿಲಿಗೇ ಇವತ್ತು ಕಷ್ಟ" ಎಂದು ನಕ್ಕರು. ಆಮೇಲೆ ಧ್ವನಿ ತಗ್ಗಿಸಿ, "ನಮ್ಮನೆಯೋರು ಹೋದಾಗ ಇದ್ದತ್‌ನ ನಾಲ್ಕು ತಿಂಗಳು ಹತ್ತು ದಿನ ಮುಗಿಯೋ ತನಕ ನಾನು ಈ ಪರದೆ ದಾಟಿಲ್ಲ. ಹೆಂಗಸ್ರು ಮಾಡ್ತಾರೆ. ಗಂಡಸ್ರು ಮಾಡೋದು ನಾನು ಕೇಳಿರ್ಲಿಲ್ಲ. ನಿಮ್ಮ ಪೆಟ್ಟಿಗೆ ಯಾವ ಬಣ್ಣ?" ಎಂದು ಕೇಳಿದರು.

ಆ ಕಾಲದಲ್ಲಿ ಓದು ಬಾರದವರಿಗೂ ತಿಳಿಯಲೆಂದು ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಬಣ್ಣದ ಪೆಟ್ಟಿಗೆ. ಕೊಟ್ಟ ಕಾಗದವನ್ನು ಮರೆಗೆ ಹೋಗಿ ತಮಗೆ ಬೇಕಾದವರ ಪೆಟ್ಟಿಗೆಗೆ ಹಾಕಿದರಾಯಿತು. ಏನೂ ಬರೆಯಬೇಕಾಗಿಲ್ಲ. ರಾಮಯ್ಯನವರದು ಕೆಂಪು, ನಮ್ಮದು ಹಳದಿ.

"ಹಳದಿ, ಅಮ್ಮ" ಎಂದನು ಆದಿನಾರಾಯಣ.

"ಆಯ್ತು. ದಾರಿ ಸಿಗಲಿ ನಿಮಗೆ. ಹೋಗೋರಿಗೆ ಹತ್ರದ ಮಣ್ಣು ಸಿಗಬೇಕು."

ಹೀಗೆ ಬೀದಿಗಳು ಒಂದೊಂದಾಗಿ ನಮ್ಮ ಕಡೆಗೆ ಬಂದವು. ಉಳಿದದ್ದು ತೋಟದವರು.

ಚಿಕ್ಕಮುನಿಯಮ್ಮನ ಮನೆ ತೋಟದ ಬಾವಿಯ ಹತ್ತಿರ. ನಾವು ಹೋದಾಗ ಮಧ್ಯಾಹ್ನ. ಜಗಲಿಯ ಮೇಲೆ ಬೀನ್ಸಿನ ರಾಶಿ ಹರಡಿತ್ತು. ಸೊಸೆ ಮುನಿಲಕ್ಷ್ಮಮ್ಮ ಮಾರ್ಕೆಟ್ಟಿಗೆ ಕಳಿಸಲು ಆರಿಸುತ್ತಿದ್ದಳು. ಅಜ್ಜಿ ಹೊಸಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ದೊಡ್ಡಮುನಿಯಪ್ಪ ಏತದ ಹಗ್ಗ ಹೊಸೆಯುತ್ತಿದ್ದನು.

ಆದಿನಾರಾಯಣ ಸುತ್ತು ಬಳಸಲಿಲ್ಲ. "ಯಜಮಾನ್ರೆ, ನಾನು ಎಲೆಕ್ಷನ್‌ಗೆ ನಿಂತಿರೋದು ನಮ್ಮ ನೆಲಕ್ಕೆ ದಾರಿ ಕೇಳೋಕೆ. ಆ ದಾರಿ ನಿಮ್ಮ ತೋಟದ ಅಂಚಲ್ಲೇ ಹೋಗ್ಬೇಕು. ಬೇರೆ ಎಲ್ಲೂ ಆಗಲ್ಲ, ಅಳೆದು ನೋಡಿದೀನಿ. ಅದನ್ನ ಹೇಳಿಯೇ ನಿಮ್ಮ ವೋಟು ಕೇಳ್ಬೇಕು ಅಂತ ಬಂದೆ."

ದೊಡ್ಡಮುನಿಯಪ್ಪ ಹಗ್ಗ ಕೆಳಗಿಟ್ಟನು. "ಅಂದ್ರೆ ನನ್ನ ಗೋಡೆ ಒಡೆಯೋಕೆ ನನ್ನ ಹಾರೆನೇ ಕೇಳ್ತಿದೀಯಾ?"

"ಹೂಂ. ಕದ್ದು ಒಡೆಯೋದಕ್ಕಿಂತ ಕೇಳೋದು ವಾಸಿ ಅಲ್ವಾ?"

"ರಾಮಯ್ಯನೋರು ಬಂದಿದ್ರು. ನಿಮ್ಮ ತೋಟದ ಒಂದಿಂಚೂ ಹೋಗೋಕೆ ಬಿಡಲ್ಲ, ಮೋರಿ ಕಟ್ಟಿಸ್ತೀನಿ ಅಂದ್ರು."

ಅಜ್ಜಿ ಮಧ್ಯೆ ಬಾಯಿ ಹಾಕಿದಳು. "ಮೋರಿ ಹೋದ ಎಲೆಕ್ಷನ್‌ನಲ್ಲೂ ಕಟ್ಟಿಸಿದ್ರು. ಅದರ ಹಿಂದಿನದ್ರಲ್ಲೂ ಕಟ್ಟಿಸಿದ್ರು. ಕೊಚ್ಚೆ ನೀರು ಮಾತ್ರ ನಮ್ಮ ಮೂಲಂಗಿ ಪಾತಿ ಬಿಟ್ಟು ಎಲ್ಲೂ ಹೋಗಿಲ್ಲ." ಆಮೇಲೆ ಆದಿನಾರಾಯಣನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. "ಒಳಗೆ ಬಾರಪ್ಪ ಮೇಸ್ತ್ರಿ. ನಮ್ಮ ಮನೇಲಿ ಮಾತು ಅಂದ್ರೆ ನಡುಮನೇಲಿ ಕೂತು, ಒಂದು ತುತ್ತು ಉಂಡು ಆಡೋದು. ಬೀದಿ ಮಾತು ನಮಗಾಗಲ್ಲ."

ಓದುವವರು ಇದನ್ನು ತಿಳಿಯಬೇಕು. ನಮ್ಮ ಜನರನ್ನು ತೋಟದವರು ನಡುಮನೆಗೆ ಕರೆದದ್ದು ಅದುವರೆಗೆ ಇರಲಿಲ್ಲ. ಅವರ ಮನೆಯ ಗೋಡೆಯನ್ನು ಕಟ್ಟಿದವರು ನಾವು. ಗೋಡೆ ಎದ್ದ ಮೇಲೆ ಒಳಗೆ ಹೋದವರಲ್ಲ. ಆ ಮುದುಕಿ ಯಾವ ಎಣಿಕೆಯೂ ಇಲ್ಲದೆ, ಬಾ ಎಂದು ಕರೆದಿದ್ದಳು. ಹೋಗು ಆದಿ, ಯಶೋದ ತಪ್ಪು ತಿಳಿಯುವವಳಲ್ಲ ಎಂದು ನನ್ನ ಬಾಯಿಯ ತನಕ ಬಂತು.

ಅವನು ಕೈಮುಗಿದನು. "ಅವ್ವ, ನೀವು ಕರೆದದ್ದು ಸಾಯೋ ತನಕ ಮರೆಯಲ್ಲ. ಆದ್ರೆ ನಾನು ಒಳಗೆ ಬರೋ ಹಾಗಿಲ್ಲ. ನನ್ನ ಹೆಂಡತಿ ಹೋಗಿ ವರ್ಷ ತುಂಬಿಲ್ಲ. ತುಂಬೋ ತನಕ ಯಾರ ಹೊಸಿಲೂ ದಾಟಲ್ಲ, ಯಾರ ಮನೇಲೂ ಉಣ್ಣಲ್ಲ."

ದೊಡ್ಡಮುನಿಯಪ್ಪನ ಮುಖ ಕೆಂಪಾಯಿತು. "ನಮ್ಮವ್ವ ಯಾರನ್ನೂ ಕರೆಯೋಳಲ್ಲ. ಕರೆದ್ರೂ ಬರಲ್ಲ ಅಂತಾನಲ್ಲ ಇವನು."

"ಬರಲ್ಲ ಅನ್ನಲಿಲ್ಲ ಯಜಮಾನ್ರೆ. ಯುಗಾದಿ ಕಳೆದ ಹುಣ್ಣಿಮೆಗೆ ವರ್ಷ ಆಗುತ್ತೆ. ಆವತ್ತು ಬರ್ತೀನಿ. ಕೂರು ಅಂದ ಕಡೆ ಕೂರ್ತೀನಿ, ಹಾಕಿದ್ದು ಉಣ್ತೀನಿ."

"ಎಲೆಕ್ಷನ್ ಅದಕ್ಕೆ ಮುಂಚೆ ಅಲ್ಲೇನೋ? ವೋಟು ಬೇಕಾದಾಗ ಬರಲ್ಲ, ಬೇಡದಾಗ ಬರ್ತೀನಿ ಅಂತೀಯಲ್ಲ."

"ಹೂಂ. ಹಾಗೇ ಆಗುತ್ತೆ."

ಅಜ್ಜಿ ಬಾಯಿಗೆ ಸೆರಗು ಅಡ್ಡ ಇಟ್ಟು ನಗತೊಡಗಿದಳು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. "ನೋಡೋ ದೊಡ್ಡ, ಇಲ್ಲಿ ತನಕ ಬಂದೋರೆಲ್ಲ ವೋಟಿಗೆ ಮುಂಚೆ ಒಲೆ ತನಕ ಬಂದ್ರು, ವೋಟು ಮುಗಿದ ಮೇಲೆ ಬೇಲಿ ತನಕಾನೂ ಬರಲಿಲ್ಲ. ಇವನೊಬ್ಬ ವೋಟು ಮುಗಿದ ಮೇಲೆ ಬರ್ತೀನಿ ಅನ್ನೋನು. ಮುನಿಲಕ್ಷ್ಮಿ, ಎಲೆ ಅಡಿಕೆ ತಾರೇ."

ಸೊಸೆ ತಟ್ಟೆ ತಂದಳು. ಅಜ್ಜಿ ಎದ್ದು, ಗೋಡೆ ಹಿಡಿದುಕೊಂಡು, ತಾನೇ ಜಗಲಿಯಿಂದ ಕೆಳಗಿಳಿದು ಬಂದಳು. ಅವನ ಕೈಯಲ್ಲಿ ವೀಳ್ಯ ಇಟ್ಟಳು. ಆ ಬಳಗದಲ್ಲಿ ವೀಳ್ಯ ಕೊಟ್ಟರೆ ಮಾತು ಕೊಟ್ಟಂತೆ. ಹೆಣ್ಣು ಕೊಡುವುದೂ ಅದರಿಂದಲೇ, ಜಮೀನು ಕೊಡುವುದೂ ಅದರಿಂದಲೇ.

"ನಮ್ಮ ಮನೆ ವೋಟು, ನಮ್ಮ ಬಳಗದ ವೋಟು ನಿನಗೆ" ಎಂದಳು.

ದೊಡ್ಡಮುನಿಯಪ್ಪ ಗಂಟು ಮುಖದಲ್ಲೇ ಹೇಳಿದನು: "ಅವ್ವ ಕೊಟ್ಟ ಮಾತು ನನ್ನ ಮಾತು. ಆದ್ರೆ ಕೇಳಿಸ್ಕೋ ಮೇಸ್ತ್ರಿ. ವೋಟು ಬೇರೆ, ದಾರಿ ಬೇರೆ. ಗೆದ್ದು ಸಭೇಲಿ ದಾರಿ ಕೇಳು. ನಾನೂ ಅಲ್ಲಿಗೆ ಬಂದು ಬೇಡ ಅಂತೀನಿ."

"ಬನ್ನಿ. ಅಲ್ಲೇ ಮಾತಾಡೋಣ" ಎಂದನು ಆದಿನಾರಾಯಣ. ಅವನ ಮುಖದಲ್ಲಿ ಹೆಂಡತಿ ಸತ್ತ ಮೇಲೆ ಮೊದಲ ಸಲ ಒಂದು ಗೆಲುವು ಕಂಡೆನು.

ಎಲೆಕ್ಷನ್ ದಿನ ಶಾಲೆಯ ಕಟ್ಟಡದಲ್ಲಿ ವೋಟು. ನಮ್ಮ ಜನ ಕೆಲಸ ಬಿಟ್ಟು ಬಂದು ಬೇವಿನ ಮರದ ಕೆಳಗೆ ನಿಂತಿದ್ದರು. ವೋಟಿಲ್ಲದವರೂ ನಿಂತಿದ್ದರು. ನೂರುನ್ನೀಸಾ ಪರದೆ ಕಟ್ಟಿದ ಜಟಕಾದಲ್ಲಿ ನೆರೆಯ ಹೆಂಗಸರನ್ನೆಲ್ಲ ಕರೆತಂದರು. ಹೊತ್ತು ಏರಿದಾಗ ತೋಟದವರ ಎತ್ತಿನ ಗಾಡಿಗಳು ಬಂದವು. ರಾಮಯ್ಯನವರು ಕಳಿಸಿದ್ದ ಮೋಟಾರನ್ನು ಬೇಡವೆಂದು ತಮ್ಮ ಗಾಡಿಯಲ್ಲೇ ಬಂದಿದ್ದರು. ಎಲ್ಲರೂ ತಲೆಗೆ ಸ್ನಾನ ಮಾಡಿದ್ದರು. ಹೆಂಗಸರು ಹೂ ಮುಡಿದಿದ್ದರು. ಗಂಡಸರು ಮಡಿ ಪಂಚೆ ಉಟ್ಟಿದ್ದರು. ಒಬ್ಬೊಬ್ಬರ ಕೈಯಲ್ಲೂ ಒಂದು ಮಡಿಸಿದ ವೀಳ್ಯದೆಲೆ ಇತ್ತು. ಸೋಮೇಶ್ವರನ ಗುಡಿಗೆ ಹೋಗಿ ಬಂದಿದ್ದಾರೆ, ಪ್ರಸಾದವಿರಬೇಕು ಎಂದು ನಾನು ತಿಳಿದೆನು. ಚಿಕ್ಕಮುನಿಯಮ್ಮ ನನ್ನನ್ನು ನೋಡಿ ಗಾಡಿಯಿಂದಲೇ ಕೈ ಎತ್ತಿದಳು. ನಾನು ಮನಸ್ಸಿನಲ್ಲೇ ತ್ರಿಶರಣ ಹೇಳಿಕೊಂಡೆನು.

ಮರುದಿನ ಎಣಿಕೆ. ಆದಿನಾರಾಯಣನ ಪರವಾಗಿ ಮೇಜಿನ ಹತ್ತಿರ ಕೂರಲು ನನಗೆ ಅಪ್ಪಣೆ ಇತ್ತು. ಅವನೂ ಹಿಂದೆ ನಿಂತಿದ್ದನು. ಕೆಂಪು ಪೆಟ್ಟಿಗೆ ಮೊದಲು ತೆರೆದರು. ಆಮೇಲೆ ಹಳದಿ. ಕಾಗದಗಳು ಮೇಜಿನ ಮೇಲೆ ಬಿದ್ದಾಗ ಅಧಿಕಾರಿಯು ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. ಇನ್ನೊಂದನ್ನು ಎತ್ತಿದರು. ಮೂಗಿನ ಹತ್ತಿರ ತಂದು ಮೂಸಿ ನೋಡಿದರು.

ನಾಲ್ಕು ಮೂಲೆಗೂ ಅರಿಶಿನ ಹಚ್ಚಿತ್ತು.

ನನಗೆ ಒಂದೇ ಕ್ಷಣದಲ್ಲಿ ತಿಳಿಯಿತು. ಮದುವೆಯ ಕರೆಯೋಲೆಯನ್ನು ಮನೆಯಿಂದ ಹೊರಗೆ ಕಳಿಸುವಾಗ ನಾಲ್ಕು ಮೂಲೆಗೂ ಅರಿಶಿನ ಹಚ್ಚುತ್ತಾರೆ. ಹೊಸ ಪತ್ರ, ಮಾತು ಕೊಟ್ಟ ಪತ್ರ, ಬರಿದಾಗಿ ಹೋಗಬಾರದು. ಹಿಂದಿನ ಎಲೆಕ್ಷನ್‌ಗಳಲ್ಲಿ ತೋಟದವರು ಮೋಟಾರಿನಲ್ಲಿ ಬಂದು ಕಾಗದ ಹಾಕಿ ಹೋಗಿದ್ದರು. ಆಗ ಅದು ಬರಿಯ ಕಾಗದ. ಈ ಸಲ ವೀಳ್ಯ ಕೊಟ್ಟಿದ್ದರು. ಹಾಗಾಗಿ ಅರಿಶಿನ.

ರಾಮಯ್ಯನವರ ಕಡೆಯವನು ಎದ್ದು ನಿಂತನು. "ಗುರುತು ಹಾಕಿದ ಕಾಗದ ಸಲ್ಲೋದಿಲ್ಲ. ಕಾನೂನಿದೆ."

"ಹಳದಿ ಪೆಟ್ಟಿಗೇಲಿ ಬಿದ್ದಿದೆ ಸ್ವಾಮಿ" ಎಂದನು ಆದಿನಾರಾಯಣ. "ಯಾರಿಗೆ ಹಾಕಿದ್ದು ಅನ್ನೋದ್ರಲ್ಲಿ ಅನುಮಾನ ಏನಿದೆ?"

ಅಧಿಕಾರಿಯು ಕೆಟ್ಟವರಲ್ಲ. ಬೇಸರದಿಂದಲೇ ಹೇಳಿದರು. ಯಾರಿಗೆ ಹಾಕಿದ್ದೆಂಬುದು ಪ್ರಶ್ನೆಯಲ್ಲ, ಹಾಕಿದವರು ಯಾರೆಂದು ಕಾಗದ ಹೇಳಬಾರದು. ಈ ಕಾಗದ ಹೇಳುತ್ತದೆ. ಅವರು ಅರಿಶಿನದ ಕಾಗದಗಳನ್ನು ಒಂದೊಂದಾಗಿ ಬೇರೆ ಇಟ್ಟರು. ಆ ಕಂತೆ ಬೆಳೆಯುತ್ತಾ ಹೋದಂತೆ ನಮ್ಮ ಕಂತೆ ಸೊರಗುತ್ತಾ ಬಂತು. ಕೊನೆಗೆ ನಾವು ಸ್ವಲ್ಪದರಲ್ಲಿ ಸೋತೆವು. ಆ ಕಂತೆ ಸೇರಿದ್ದರೆ ಗೆದ್ದಿರುತ್ತಿದ್ದೆವು. ಅದನ್ನು ಎಣಿಸಿ ನೋಡಬೇಕಾಗಿರಲಿಲ್ಲ, ಕಣ್ಣಿಗೇ ಕಾಣುತ್ತಿತ್ತು.

ಹೊರಗೆ ಬಂದಾಗ ನಮ್ಮ ಜನ ಕಾದು ನಿಂತಿದ್ದರು. ಆದಿನಾರಾಯಣ ಎಲ್ಲರಿಗೂ ಕೈಮುಗಿದು ನೇರವಾಗಿ ತೋಟದ ಕಡೆ ನಡೆದನು. ನಾನು ಹಿಂದೆಯೇ ಓಡಿದೆನು.

"ಆದಿ, ಅವರಿಗೆ ಅರಿಶಿನದ ವಿಷಯ ಹೇಳ್ಬೇಡ. ವಯಸ್ಸಾದ ಜೀವ. ತನ್ನಿಂದಲೇ ಆಯ್ತು ಅಂತ ಕೊರಗುತ್ತೆ."

"ಕೇಳಿದ್ರೆ ಸುಳ್ಳು ಹೇಳ್ಲಾ ಮಾವ? ಪಂಚಶೀಲ ಹೇಳಿಕೊಡೋರು ನೀವು."

ನಾನು ಅವನ ಜೊತೆಗೆ ಹೆಜ್ಜೆ ಹಾಕಿದೆನು.

ಸುದ್ದಿ ನಮಗಿಂತ ಮುಂಚೆ ಹೋಗಿತ್ತು, ಅರ್ಧ ಮಾತ್ರ. ಸೋತದ್ದು ಗೊತ್ತಿತ್ತು, ಏಕೆಂದು ಗೊತ್ತಿರಲಿಲ್ಲ. ಅಜ್ಜಿ ಜಗಲಿಯಲ್ಲಿ ಕೂತಿದ್ದಳು. ಅವನು ಅಂದು ನಿಂತ ಕಡೆಯೇ ಬಂದು ನಿಂತನು.

"ನಮ್ಮ ಕಾಗದ ಏನಾಯ್ತು ಮೇಸ್ತ್ರಿ? ಒಬ್ಬರೂ ತಪ್ಪಿಸಿಲ್ಲ. ನಾನೇ ಎಲ್ಲರನ್ನೂ ಕರ್ಕೊಂಡು ಹೋದೆ."

"ಅವ್ವ, ನೀವು ಕೊಟ್ಟ ಮಾತು ನನ್ನ ಪೆಟ್ಟಿಗೇಲೇ ಇತ್ತು. ಕಣ್ಣಾರೆ ನೋಡಿದೆ. ಅರಿಶಿನ ಹಚ್ಚಿತ್ತು. ಗುರುತಿರೋ ಕಾಗದ ಎಣಿಸೋ ಹಾಗಿಲ್ಲವಂತೆ. ತೆಗೆದಿಟ್ಟರು."

ಮುನಿಲಕ್ಷ್ಮಮ್ಮ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು. ಅಜ್ಜಿ ಬಹಳ ಹೊತ್ತು ತನ್ನ ಅಂಗೈ ನೋಡಿಕೊಂಡಳು. ಅದರಲ್ಲಿ ಇನ್ನೂ ಹಳದಿ ಇತ್ತು.

"ನಾನೇ ಅರೆದು ಎಲೇಲಿ ಕಟ್ಟಿಕೊಟ್ಟೆ" ಎಂದಳು. "ಬರೀ ಕಾಗದ ಹಾಕ್ಬೇಡಿ ಅಂದೆ."

"ಗೌರವಕ್ಕೆ ಹಚ್ಚಿದ್ದು ಅವ್ವ. ನನಗೆ ಅದು ಸಂದಿದೆ. ಮುಂದಿನ ಸಲ ಮತ್ತೆ ನಿಲ್ತೀನಿ. ಅದನ್ನ ಹೇಳೋಕೇ ಬಂದೆ."

ಅಜ್ಜಿ ಮಗನ ಕಡೆ ತಿರುಗಿದಳು. "ದೊಡ್ಡ, ವೀಳ್ಯ ಕೊಟ್ಟು ಒಪ್ಪಿಕೊಂಡಿದ್ದು ಕೊಡದೆ ಇದ್ರೆ ನಮ್ಮಲ್ಲಿ ಏನಂತಾರೆ?"

"ಕೊಟ್ವಲ್ಲವ್ವ. ಅವರು ಎಣಿಸಲಿಲ್ಲ. ಅದು ನಮ್ಮ ತಪ್ಪಾ?"

"ಹೆಣ್ಣು ಕೊಡ್ತೀನಿ ಅಂತ ವೀಳ್ಯ ಕೊಟ್ಟು, ಗಾಡಿ ದಾರೀಲಿ ಮುರಿದುಬಿದ್ರೆ, ಗಾಡಿ ತಪ್ಪು ಅಂತ ಮನೇಲಿ ಕೂರ್ತೀಯಾ? ಇವನ ಕೈಗೆ ಏನೂ ಸೇರಲಿಲ್ಲ. ವೀಳ್ಯ ಇಟ್ಟಿದ್ದು ನನ್ನ ಕೈ. ಬದಲಿಗೆ ಏನು ಕೊಡ್ತೀಯ ಹೇಳು."

"ಅವ್ವ, ನಾನು ಬದಲಿ ಕೇಳೋಕೆ ಬರಲಿಲ್ಲ" ಎಂದನು ಆದಿನಾರಾಯಣ.

"ನೀನು ಸುಮ್ನಿರು. ಇದು ನಮ್ಮನೆ ಮಾತು."

ದೊಡ್ಡಮುನಿಯಪ್ಪ ಎದ್ದು ಬಾವಿಯ ಕಡೆ ಹೋದನು. ನಾವೂ ಹಿಂತಿರುಗಿದೆವು. ಅವನ ಮೇಲೆ ನನಗೆ ಕೋಪವಿರಲಿಲ್ಲ. ತೋಟದವನಿಗೆ ಅಂಚಿನ ಮಣ್ಣೂ ಮಣ್ಣೇ.

ಮರುದಿನ ಬೆಳಿಗ್ಗೆ ನಾನು ವಿಹಾರದಲ್ಲಿ ದೀಪ ಹಚ್ಚುತ್ತಿದ್ದಾಗ ಕಳ್ಳಿ ಕಡಿಯುವ ಸದ್ದು ಕೇಳಿಸಿತು. ಹೋಗಿ ನೋಡಿದರೆ ದೊಡ್ಡಮುನಿಯಪ್ಪ ಮಚ್ಚು ಹಿಡಿದು ತನ್ನ ಬೇಲಿಯನ್ನು ತಾನೇ ಕಡಿಯುತ್ತಿದ್ದನು. ಕೈಗೆ ಗೋಣಿ ಸುತ್ತಿಕೊಂಡಿದ್ದನು. ಆದಿನಾರಾಯಣನೂ ಬಂದು ಕಡಿದ ಕಳ್ಳಿಯನ್ನು ಎಳೆದು ಬದಿಗೆ ಹಾಕತೊಡಗಿದನು.

"ಚಟ್ಟ ಹೊತ್ತುಕೊಂಡು ಹೋಗೋಷ್ಟು ಅಗಲ" ಎಂದನು ದೊಡ್ಡಮುನಿಯಪ್ಪ, ತಲೆ ಎತ್ತದೆ. "ಗಾಡಿ ಹೊಡೀಬೇಡಿ. ಮೂಲಂಗಿ ಪಾತಿ ತುಳೀಬೇಡಿ. ತಮಟೆ ಬೇಡ, ನನ್ನ ಎತ್ತು ಬೆದರ್ತವೆ."

"ಆಯ್ತು ಯಜಮಾನ್ರೆ. ನಿಮ್ಮ ಋಣ ದೊಡ್ಡದು" ಎಂದನು ಆದಿನಾರಾಯಣ. ಕಳ್ಳಿ ಎಳೆಯುತ್ತಲೇ ಹೇಳಿದನು: "ಆದ್ರೂ ಮುಂದಿನ ಸಲ ನಿಲ್ತೀನಿ. ಗೆದ್ರೆ ಈ ದಾರೀನೇ ಕೇಳ್ತೀನಿ."

ದೊಡ್ಡಮುನಿಯಪ್ಪ ಮಚ್ಚು ಇಳಿಸಿದನು. "ಕೊಟ್ಟಾಯ್ತಲ್ಲೋ ಈಗ?"

"ನೀವು ಕೊಟ್ರಿ. ನಾಳೆ ನಿಮ್ಮ ಮಕ್ಕಳು ತೋಟ ಮಾರಿದ್ರೆ, ಕೊಂಡೋನು ಮತ್ತೆ ಕಳ್ಳಿ ನೆಡ್ತಾನೆ. ಆಗ ನಮ್ಮೋರು ಮತ್ತೆ ಹೆಣ ಇಳಿಸಿ ಬೇಡ್ಬೇಕು. ಮುನಿಸಿಪಾಲಿಟಿ ಕಲ್ಲು ಹಾಕಿ ಇದು ದಾರಿ ಅಂತ ಬರೀಬೇಕು. ನಿಮಗೆ ಹೋಗೋ ನೆಲಕ್ಕೆ ಬೆಲೆ ಕೊಡ್ಬೇಕು. ಅದೂ ನಾನೇ ಕೇಳ್ತೀನಿ. ಮೋರೀನೂ ಕೇಳ್ತೀನಿ."

"ಪಿಳ್ಳಪ್ಪನೋರೆ" ಎಂದು ದೊಡ್ಡಮುನಿಯಪ್ಪ ನನ್ನ ಕಡೆ ತಿರುಗಿದನು, "ಇಂಥ ಅಳಿಯನ್ನ ಎಲ್ಲಿ ಹುಡುಕಿದ್ರಿ? ಕೊಟ್ಟ ಮೇಲೂ ಬಿಡಲ್ವಲ್ಲ."

"ನನ್ನ ಮಗಳು ಒಪ್ಪಿಕೊಂಡಳು" ಎಂದೆನು. ನಾನೂ ಬಗ್ಗಿ ಒಂದು ಕಳ್ಳಿಯನ್ನು ಬದಿಗೆ ಎಳೆದೆನು.

ಯುಗಾದಿ ಕಳೆದ ಹುಣ್ಣಿಮೆಯ ಹಿಂದಿನ ದಿನ ನಾವು ಬೆನ್ನಿಗಾನಹಳ್ಳಿಗೆ ಹೋಗಿ ಹೊಂಗೆ ಮರದ ಕೆಳಗಿನ ಮಣ್ಣನ್ನು ಹೊಸ ಕುಡಿಕೆಯಲ್ಲಿ ತಂದೆವು. ಹುಣ್ಣಿಮೆಯ ಬೆಳಿಗ್ಗೆ ತೋಟದ ಅಂಚಿನ ದಾರಿಯಲ್ಲಿ ಆದಿನಾರಾಯಣ ಮುಂದೆ, ನಾನು ಹಿಂದೆ, ನಮ್ಮ ಜನ ಸಾಲಾಗಿ ನಡೆದರು. ಬದಿಯಲ್ಲಿ ಮೂಲಂಗಿಯ ಎಲೆಗಳ ಮೇಲೆ ಇಬ್ಬನಿ ಇತ್ತು. ನಮ್ಮ ನೆಲದಲ್ಲಿ ಒಂದು ಸಣ್ಣ ಗುಂಡಿ ತೆಗೆದು ಆ ಮಣ್ಣನ್ನು ಸೇರಿಸಿದೆವು. ನಾನು ಅನಿಚ್ಚಾ ವತ ಸಂಖಾರಾ ಎಂದು ಹೇಳಿದೆನು. ಹುಟ್ಟಿದ್ದೆಲ್ಲ ಅಳಿಯುವುದೆಂದು ಊರಿಗೆಲ್ಲ ಹೇಳಿಕೊಡುವ ನನಗೆ ಅಂದು ಆ ಮಾತು ಹೇಳುವುದು ಕಷ್ಟವಾಯಿತು. ಆದರೂ ಪೂರ್ತಿ ಹೇಳಿದೆನು. ನನ್ನ ಮಗಳು ಮನೆಯ ಹತ್ತಿರ ಬಂದಿದ್ದಳು.

ಮಧ್ಯಾಹ್ನ ಆದಿನಾರಾಯಣ ಚಿಕ್ಕಮುನಿಯಮ್ಮನ ಮನೆಯ ಮುಂದೆ ಕಾಲು ತೊಳೆದು, ಒಂದು ಗಳಿಗೆ ನಿಂತು, ಹೊಸಿಲು ದಾಟಿದನು. ನಡುಮನೆಯಲ್ಲಿ ಎಲೆ ಹಾಕಿದ್ದರು. ದೊಡ್ಡಮುನಿಯಪ್ಪ ಅವನ ಪಕ್ಕದಲ್ಲೇ ಕೂತನು. ಮುದ್ದೆ, ಹುರುಳಿ ಸಾರು, ಅವರದೇ ತೋಟದ ಮೂಲಂಗಿ. ವರ್ಷದಿಂದ ಬೇರೆ ಮನೆಯ ಅನ್ನ ಮುಟ್ಟದವನು ಮೊದಲ ತುತ್ತನ್ನು ಬಹಳ ನಿಧಾನವಾಗಿ ನುಂಗಿದನು.

"ಮುಂದಿನ ಸಲ ಅರಿಶಿನ ಕೆನ್ನೆಗೆ ಹಚ್ಕೊಂಡು ಬರ್ತೀವಿ ಕಣಪ್ಪ" ಎಂದಳು ಅಜ್ಜಿ. "ಕಾಗದ ಮುಟ್ಟಿಸಲ್ಲ."

"ಮುಂದಿನ ಎಲೆಕ್ಷನ್ ಯಾವಾಗಂತೆ ಯಜಮಾನ್ರೆ?" ಎಂದು ಕೇಳಿದನು ಆದಿನಾರಾಯಣ.

"ಉಂಡಿದ್ದು ಅರಗಲಿ ಬಿಡಪ್ಪ" ಎಂದನು ದೊಡ್ಡಮುನಿಯಪ್ಪ, ಸಾರು ಬಡಿಸುವಂತೆ ಹೆಂಡತಿಗೆ ಸನ್ನೆ ಮಾಡುತ್ತಾ.

ಹಿಂತಿರುಗುವಾಗ ಆದಿನಾರಾಯಣ ಮತ್ತೆ ಆ ದಾರಿಗೆ ಇಳಿದನು. ಜೇಬಿನಿಂದ ಮೇಸ್ತ್ರಿಯ ದಾರ ತೆಗೆದು, ಒಂದು ತುದಿಯನ್ನು ಕಳ್ಳಿಯ ಬುಡಕ್ಕೆ ಕಟ್ಟಿ, ಇನ್ನೊಂದನ್ನು ಹಿಡಿದು ನೇರ ನೋಡುತ್ತಾ ಹಿಂದೆ ಹಿಂದೆ ಸರಿದನು. ಚಪ್ಪಡಿ ಎಲ್ಲಿ ಬರಬೇಕು, ಮೋರಿ ಎಲ್ಲಿ ಬರಬೇಕು ಎಂದು ನೆಲದ ಮೇಲೆ ಹಿಮ್ಮಡಿಯಿಂದ ಗೀರು ಎಳೆದನು. ನಾನು ಬೇಲಿಯ ಬಾಯಲ್ಲಿ ಕೂತು ಅವನು ಮುಗಿಸುವ ತನಕ ಕಾದೆನು.